ಹಳೆಯ ಪ್ಲೇಟುಗಳ ಹರಾಜು ಮತ್ತು ಅಚೌರ್ಯಾಣುವ್ರತ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರೇಪಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು. ಮೊದಲಿನವು ದುಷ್ಟರಿಗೆ ಹೇಳಿದವು ಎಂದು ನಾವು ಶ್ರಾವಕರು ಸಮಾಧಾನ ಪಟ್ಟುಕೊಳ್ಳಬಹುದು. ಕೊನೆಯ ಎರಡು ಮಾತ್ರ ಅಂಗಡಿಯ ಗಲ್ಲೆಯ ಮೇಲೆ ಕುಳಿತವನನ್ನು ಪ್ರತಿದಿನವೂ ಪರೀಕ್ಷಿಸುತ್ತವೆ. ನಾಲ್ಕು ದಶಕಗಳ ಕಾಲ ಜವಳಿ ವ್ಯಾಪಾರ ಮಾಡಿದ ನಾನು ಈ ಸೂತ್ರವನ್ನು ಹೊಸದಾಗಿ ಓದಬೇಕಾಗಿ ಬಂದದ್ದು, ತಕ್ಕಡಿಯೂ ಮೀಟರ್ ಕಡ್ಡಿಯೂ ಇಲ್ಲದ ಒಂದು ವ್ಯಾಪಾರದ ದೆಸೆಯಿಂದ.

2023ರಲ್ಲಿ ನಾಲ್ಕು ತಿಂಗಳು ಲಂಡನ್ನಿನಲ್ಲಿ ಮಗನ ಮನೆಯಲ್ಲಿದ್ದೆ. ಅವನು ಕಚೇರಿಯ ಉದ್ಯೋಗದ ಜೊತೆಗೆ, ಜಮೈಕಾ ದ್ವೀಪದ ರೆಗ್ಗೆ ಸಂಗೀತದ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕೊಂಡು ಈಬೇ ಎಂಬ ಆನ್‌ಲೈನ್ ಹರಾಜು ಕಟ್ಟೆಯಲ್ಲಿ ಮಾರುತ್ತಾನೆ. ಬಿ.ಕಾಂ. ಓದಿದ ತಂದೆ ಸುಮ್ಮನೆ ಕೂರಬಾರದೆಂದು ಲೆಕ್ಕದ ಪುಸ್ತಕವನ್ನು ನನ್ನ ಕೈಗಿತ್ತ.

ಈ ಸಂಗೀತದೊಡನೆ ಗಾಂಜಾದ ಹೆಸರು ಸೇರಿಕೊಂಡಿರುವುದನ್ನು ಬಲ್ಲ ಓದುಗರು ಹುಬ್ಬೇರಿಸಬಹುದು. ನಾನೂ ಏರಿಸಿದವನೇ. ಆದರೆ ರೆಗ್ಗೆಯನ್ನು ಬೆಳೆಸಿದ ರಾಸ್ತಫಾರಿ ಪಂಥದವರಲ್ಲಿ ಅನೇಕರು ಮಾಂಸವನ್ನು ಮುಟ್ಟುವುದಿಲ್ಲವೆಂದು ತಿಳಿದಾಗ ಅರ್ಧ ಸಮಾಧಾನವಾಯಿತು. ಇನ್ನೊಂದು ಸಂಶಯವೂ ಇತ್ತು. ನಮ್ಮ ಹಿರಿಯರ ಕಾಲದ 78 ವೇಗದ ಪ್ಲೇಟುಗಳಿಗೆ ಅರಗು ಬೇಕಾಗುತ್ತಿತ್ತು. ಅರಗಿನ ವ್ಯಾಪಾರವಾದ ಲಾಕ್ಷಾವಾಣಿಜ್ಯವು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಖರಕರ್ಮಗಳಲ್ಲಿ ಒಂದು. ಕಾರಣ, ಅದು ಅಸಂಖ್ಯ ಕೀಟಗಳ ಹಿಂಸೆಯಿಂದ ಬರುವ ವಸ್ತು. ರೆಗ್ಗೆಯ ಪ್ಲೇಟುಗಳಾದರೋ ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಆ ಬಾಧೆ ಇಲ್ಲ.

1948ರ ನಂತರ ಜಮೈಕಾದಿಂದ ಬಹು ಮಂದಿ ದುಡಿಮೆಗಾಗಿ ಇಂಗ್ಲೆಂಡಿಗೆ ಬಂದರು. ಅವರೊಡನೆ ಅವರ ಹಾಡೂ ಬಂತು. 1968ರಲ್ಲಿ ಲಂಡನ್ನಿನಲ್ಲಿ ಟ್ರೋಜನ್ ಎಂಬ ಸಂಸ್ಥೆ ಆ ಹಾಡುಗಳನ್ನು ಅಲ್ಲಿಯೇ ಅಚ್ಚು ಹಾಕತೊಡಗಿತು. ಬ್ರಿಕ್ಸ್‌ಟನ್, ಹಾರ್ಲ್ಸ್‌ಡನ್ ಮುಂತಾದ ಬಡಾವಣೆಗಳ ಮನೆಗಳಲ್ಲಿ ಇಂದಿಗೂ ಪೆಟ್ಟಿಗೆಗಟ್ಟಲೆ ಪ್ಲೇಟುಗಳಿವೆ. 2018ರಲ್ಲಿ ಯುನೆಸ್ಕೋ ಈ ಸಂಗೀತವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅದನ್ನು ಕೊಂಡು ಕೇಳಿದ ತಲೆಮಾರು ಈಗ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದೆ; ಮನೆಗಳು ಖಾಲಿಯಾಗುತ್ತಿವೆ.

ಹರಾಜಿನ ಕ್ರಮ ಹೀಗೆ. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಪ್ತವಾಗಿ ನಮೂದಿಸುತ್ತಾನೆ. ಎದುರಾಳಿಯನ್ನು ಮೀರಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಯಂತ್ರವೇ ಅವನ ಪರವಾಗಿ ಏರಿಸುತ್ತ ಹೋಗುತ್ತದೆ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು ನೆನಪಾಯಿತು. ಗುಟ್ಟು ಇದ್ದ ಮಾತ್ರಕ್ಕೆ ಮೋಸ ಇರಬೇಕಾಗಿಲ್ಲ. ಮೋಸವಾಗುವುದು ಮಾರುವವನು ತನ್ನ ಸ್ನೇಹಿತನಿಂದ ಸುಳ್ಳು ಕೂಗು ಹಾಕಿಸಿ ಬೆಲೆ ಏರಿಸಿದಾಗ. 2010ರಲ್ಲಿ ಇಂಥದ್ದೇ ತಪ್ಪಿಗಾಗಿ ಇಂಗ್ಲೆಂಡಿನ ನ್ಯಾಯಾಲಯವೊಂದು ಮಾರಾಟಗಾರನೊಬ್ಬನಿಗೆ ಶಿಕ್ಷೆ ವಿಧಿಸಿತು.

ಹೆಚ್ಚು ಯೋಚಿಸಬೇಕಾದ್ದು ಅಳತೆಯ ವಿಷಯ. ಹಳೆಯ ಪ್ಲೇಟಿಗೆ ತೂಕವಿಲ್ಲ, ದರ್ಜೆ ಇದೆ. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಎಂದು ಮೇಲಿನಿಂದ ಕೆಳಗಿಳಿಯುತ್ತದೆ. ಬಹಳ ಚೆನ್ನಾಗಿದೆ ಎಂಬ ಅರ್ಥದ ವೆರಿ ಗುಡ್ ಪ್ಲೇಟು ಹಾಕಿದರೆ ಚರಪರ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಚೆನ್ನಾಗಿದೆ ಎಂಬ ಅರ್ಥದ ಗುಡ್ ಪ್ಲೇಟನ್ನು ಅನುಭವಿಗಳು ಮುಟ್ಟುವುದೇ ಅಪರೂಪ! ಕಸುಬಿನವರಿಗೆಲ್ಲ ಇದು ಗೊತ್ತು, ಆದ್ದರಿಂದ ಸುಳ್ಳಲ್ಲ ಎಂದು ಮಗ ವಾದಿಸಿದ. ಹೊಸಬನಿಗೆ ಗೊತ್ತೇ ಎಂದು ನಾನು ಕೇಳಿದೆ. ಜಮೈಕಾದ 7 ಇಂಚಿನ ಪ್ಲೇಟುಗಳ ಪಾಡಂತೂ ಬೇರೆಯೇ. ಬಯಲು ನೃತ್ಯಗಳಲ್ಲಿ, ಜ್ಯೂಕ್‌ಬಾಕ್ಸ್‌ಗಳಲ್ಲಿ ಸವೆದವು. ಕೆಲವಕ್ಕೆ ಲೇಬಲ್ಲೇ ಇಲ್ಲ, ಕೆಲವಕ್ಕೆ ನಡುವಿನ ರಂಧ್ರ ಓರೆ. ಕಣ್ಣಿಗೆ ಕೆಟ್ಟದಾಗಿ ಕಂಡದ್ದು ಕಿವಿಗೆ ಚೆನ್ನಾಗಿರಬಹುದು, ಇದಕ್ಕೆ ವಿರುದ್ಧವೂ ಆಗಬಹುದು. ಅಂದಿನಿಂದ ಮಗ ದರ್ಜೆಯ ಕೆಳಗೆ ಎರಡು ಸಾಲು ಬರೆಯಲಾರಂಭಿಸಿದ. ಹಾಡಿನ ಯಾವ ಭಾಗದಲ್ಲಿ ಎಷ್ಟು ಸಲ ಟಕ್ ಎನ್ನುತ್ತದೆ, ಮುಳ್ಳು ಎಲ್ಲಿಯಾದರೂ ಜಿಗಿಯುತ್ತದೆಯೇ, ಇಷ್ಟೇ. ಪ್ರತಿ ಪ್ಲೇಟನ್ನೂ ಪೂರ್ತಿ ಕೇಳಬೇಕಾಗುವುದರಿಂದ ರವಿವಾರಗಳು ಅದರಲ್ಲೇ ಕಳೆಯುತ್ತವೆ ಎಂಬುದು ಸೊಸೆಯ ದೂರು, ಅದೂ ಸುಳ್ಳಲ್ಲ.

ಅಸಲು ನಕಲಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಕಿಂಗ್‌ಸ್ಟನ್ ನಗರದ ಸ್ಟುಡಿಯೋ ಒನ್‌ನಂಥ ಸಂಸ್ಥೆಗಳ ಹಾಡುಗಳನ್ನು ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಒತ್ತಿದ್ದಾರೆ, ಕೆಲವೊಮ್ಮೆ ಹಳೆಯ ಅಚ್ಚಿನಿಂದಲೇ. ಮೊದಲ ಮುದ್ರಣಕ್ಕೆ ನೂರಾರು ಪೌಂಡ್, ಮರುಮುದ್ರಣಕ್ಕೆ ಹತ್ತೋ ಹದಿನೈದೋ. ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಅಂಚಿನಲ್ಲಿ ಕೊರೆದ ಸಂಖ್ಯೆ, ಲೇಬಲ್ಲಿನ ಬಣ್ಣ, ಅದರ ಮೇಲಿನ ವಿಳಾಸ ಇವುಗಳಿಂದ ಪತ್ತೆ ಮಾಡಬೇಕು. ಸಂದೇಹವಿದ್ದಲ್ಲಿ ಸಂದೇಹವಿದೆ ಎಂದೇ ಬರೆಯಬೇಕೆಂಬುದು ನನ್ನ ನಿಲುವು.

ಇವೆಲ್ಲ ಮಾರುವಾಗಿನ ಧರ್ಮ. ಕೊಳ್ಳುವಾಗ? ಜಮೈಕಾ ಮೂಲದ ವೃದ್ಧೆಯೊಬ್ಬರು ದಿವಂಗತ ಪತಿಯ ಎರಡು ಪೆಟ್ಟಿಗೆಗಳನ್ನು 60 ಪೌಂಡಿಗೆ ಕೊಟ್ಟಿದ್ದರು. ಬೆಲೆ ಹೇಳಿದವರು ಅವರೇ. ಅದರೊಳಗೆ ಲೇಬಲ್ಲಿಲ್ಲದ ಒಂದು ಪ್ಲೇಟು ಹರಾಜಿನಲ್ಲಿ 340 ಪೌಂಡಿಗೆ ಜಪಾನಿನ ಸಂಗ್ರಾಹಕರೊಬ್ಬರ ಪಾಲಾಯಿತು. ಲೆಕ್ಕ ಬರೆಯುತ್ತಿದ್ದ ನನ್ನ ಕೈ ನಿಂತಿತು.

“ಅಪ್ಪಾ, ನಾನು ಒಂದೂ ಸುಳ್ಳು ಹೇಳಿಲ್ಲ. ಅವರು ಕೇಳಿದಷ್ಟು ಕೊಟ್ಟೆ. ಹತ್ತು ವರ್ಷ ಕಲಿತ ವಿದ್ಯೆಗೆ ಬೆಲೆಯೇ ಇಲ್ಲ ಎನ್ನುತ್ತೀರಾ?” ಎಂದ ಮಗ.

ಮಾತು ಗಟ್ಟಿಯಾದದ್ದೇ. ವಿದ್ಯೆಗೆ ಕೂಲಿ ಸಲ್ಲಬೇಕು. ಆದರೆ ನಮ್ಮ ಬೀದಿಗಳಿಗೆ ಹಳೆಯ ಜರಿ ಸೀರೆ ಕೊಳ್ಳಲು ಬರುತ್ತಿದ್ದವರನ್ನು ಅವನಿಗೆ ನೆನಪಿಸಿದೆ. ಅಜ್ಜಿಯರು ಹರಕು ಬಟ್ಟೆಯೆಂದು ಕೊಡುತ್ತಿದ್ದರು. ಕೊಳ್ಳುವವನಿಗೆ ಬೆಳ್ಳಿ ಎಷ್ಟು ಬರುವುದೆಂದು ಗೊತ್ತಿರುತ್ತಿತ್ತು. ಅವನೂ ಸುಳ್ಳು ಹೇಳುತ್ತಿರಲಿಲ್ಲ, ಸುಮ್ಮನಿರುತ್ತಿದ್ದ. ಒಬ್ಬನಿಗಷ್ಟೇ ತೂಕ ಕಾಣುವ ತಕ್ಕಡಿಯನ್ನು ಸರಿಯಾದ ತಕ್ಕಡಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ರಾಜ್ಯದ ಕಾಯಿದೆ ಇಲ್ಲಿ ಏನೂ ಕೇಳುವುದಿಲ್ಲ, ನಿಜ. ವ್ರತ ಕೇಳುತ್ತದೆ.

ಎರಡು ದಿನ ನಮ್ಮಿಬ್ಬರಲ್ಲಿ ಮಾತು ಕಡಿಮೆಯಾಗಿತ್ತು. ಸೊಸೆ, “ಮಾವಾ, ಅವರನ್ನೇ ಕೇಳಬಹುದಲ್ಲ?” ಎಂದಳು. ಮೂವರೂ ಹೋದೆವು. ಮಗ ಬೆಲೆಯನ್ನು ಮುಚ್ಚಿಡದೆ ತಿಳಿಸಿ, ಖರ್ಚು ಕಳೆದು ಅರ್ಧವನ್ನು ಮುಂದಿಟ್ಟ. ಆಕೆ ಮೊದಲು ನಂಬಲಿಲ್ಲ, ಆಮೇಲೆ ನಕ್ಕರು, ಹಣ ತೆಗೆದುಕೊಂಡರು. ಪೆಟ್ಟಿಗೆಯಲ್ಲಿ ಪತಿಯ ಹೆಸರನ್ನು ಶಾಯಿಯಲ್ಲಿ ಬರೆದ ಪ್ಲೇಟು ಇದ್ದರೆ ಒಂದನ್ನು ಹಿಂದಿರುಗಿಸುವಿರಾ ಎಂದು ಕೇಳಿದರು. ಹರಾಜಿನಲ್ಲಿ ಲೇಬಲ್ಲಿನ ಮೇಲೆ ಬರಹವಿದ್ದರೆ ಬೆಲೆ ಇಳಿಯುತ್ತದೆ. ಮಗ ಅಂಥ ಒಂಬತ್ತು ಪ್ಲೇಟುಗಳನ್ನು ತಂದುಕೊಟ್ಟ.

ಈಗ ಅವನು ಕೊಳ್ಳುವ ಮುನ್ನವೇ ತನಗೆ ತಿಳಿದ ಬೆಲೆಯನ್ನು ಹೇಳಿಬಿಡುತ್ತಾನೆ. ಕೆಲವರು ಪಾಲು ಒಪ್ಪಿಕೊಳ್ಳುತ್ತಾರೆ. ಕೆಲವರು ಬೆಲೆ ತಿಳಿದುಕೊಂಡು ಬೇರೆಯವರಿಗೆ ಮಾರುತ್ತಾರೆ. ಕಳೆದ ವರ್ಷದ ಲೆಕ್ಕವನ್ನು ನನಗೆ ಕಳುಹಿಸಿದ್ದ. ಲಾಭ ಅರ್ಧಕ್ಕಿಂತ ಕೆಳಗಿಳಿದಿದೆ. ಮುಂದುವರಿಸುವುದೋ ಬಿಡುವುದೋ ಎಂದು ಕೇಳಿದ್ದಾನೆ. ಉತ್ತರವನ್ನು ನಾನಿನ್ನೂ ಬರೆದಿಲ್ಲ.