ಎರಡು ಕಂಪ್ಯೂಟರ್, ಒಂದು ಫೈಲ್

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿರುವುದು ಉಬುಂಟು. ಮನೆಯಲ್ಲಿರುವುದು ವಿಂಡೋಸ್. ಗಲ್ಫಿನಲ್ಲಿರುವ ಅಣ್ಣ ಕಳೆದ ರಜೆಯಲ್ಲಿ ಬಂದಾಗ ತನ್ನ ಹಳೆಯ ಲ್ಯಾಪ್‌ಟಾಪ್ ನನಗೆ ಕೊಟ್ಟುಹೋದ. "ಓದಲಿಕ್ಕೆ ಮಾತ್ರ" ಎಂದು ಉಮ್ಮ ಷರತ್ತು ಹಾಕಿದರು.

ಲ್ಯಾಬ್‌ನಲ್ಲಿ ವಿಎಸ್ ಕೋಡ್ ತೆರೆದು ಸಿ++ ಬರೆಯುವುದೆಂದರೆ ನನಗೆ ಖುಷಿ. ಸ್ಟ್ರಿಂಗ್‌ನ ಹೆಸರು ಬರೆದು ಒಂದು ಚುಕ್ಕಿ ಇಟ್ಟರೆ ಸಾಕು, ಲೆಂತ್, ಸೈಜ್, ಫೈಂಡ್ ಎಂದು ಪಟ್ಟಿ ಬಂದುಬಿಡುತ್ತದೆ. ಬೇಕಾದ್ದನ್ನು ಆರಿಸಿ ಎಂಟರ್ ಒತ್ತಿದರಾಯಿತು. ಇದಕ್ಕೆ ಕೋಡ್ ಕಂಪ್ಲೀಶನ್ ಎನ್ನುತ್ತಾರೆ. ಮನೆಯಲ್ಲೂ ಅದೇ ವಿಎಸ್ ಕೋಡ್ ಹಾಕಿಕೊಂಡೆ. ಪಟ್ಟಿ ಬರಲಿಲ್ಲ. ಬದಲಿಗೆ ಐಒಸ್ಟ್ರೀಮ್ ಎಂಬ ಮೊದಲ ಸಾಲಿನ ಕೆಳಗೇ ಕೆಂಪು ಗೆರೆ ಬಂತು.

ಲ್ಯಾಬ್‌ನ ಸೆಟ್ಟಿಂಗ್ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ತಂದರೆ ಸರಿಹೋಗಬಹುದು ಅಂದುಕೊಂಡೆ. ಮೊದಲ ದಿನ ಆ ಫೋಲ್ಡರೇ ಕಾಣಲಿಲ್ಲ. ಹೆಸರು ಚುಕ್ಕಿಯಿಂದ ಶುರುವಾದರೆ ಲಿನಕ್ಸ್ ಅದನ್ನು ಅಡಗಿಸಿಡುತ್ತದೆ, ಕಂಟ್ರೋಲ್ ಎಚ್ ಒತ್ತಬೇಕು ಎಂದು ಗೆಳೆಯ ಹೇಳಿದ. ಮರುದಿನ ತಂದೆ. ಆದರೂ ಕೆಂಪು ಗೆರೆ ಹೋಗಲಿಲ್ಲ.

ಆಮೇಲೆ ಕೂತು ಆ ಫೈಲನ್ನು ಓದಿದೆ. ಅದರಲ್ಲಿ ಕಂಪೈಲರ್ ಎಲ್ಲಿದೆ ಎಂಬ ದಾರಿ ಬರೆದಿತ್ತು, ಅದೂ ಲಿನಕ್ಸ್‌ನ ದಾರಿ. ಎಡಿಟರ್‌ಗೆ ಸಿ++ ತಾನಾಗಿ ಗೊತ್ತಿರುವುದಿಲ್ಲ. ಅದು ಕಂಪೈಲರ್‌ನಿಂದ ಹೆಡರ್ ಫೈಲುಗಳ ಜಾಗ ತಿಳಿದುಕೊಂಡು, ಅವನ್ನು ಓದಿ ಪಟ್ಟಿ ಮಾಡುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಂಪೈಲರೇ ಇರಲಿಲ್ಲ!

ಎಂಎಸ್‌ವೈಎಸ್2 ಮೂಲಕ ಕಂಪೈಲರ್ ಹಾಕಿದೆ. ಅದರ ಬಿನ್ ಫೋಲ್ಡರನ್ನು ವಿಂಡೋಸ್‌ನ ಪಾತ್‌ಗೆ ಸೇರಿಸಿ, ವಿಎಸ್ ಕೋಡ್ ಮುಚ್ಚಿ ತೆರೆದೆ. ಸೆಟ್ಟಿಂಗ್ ಫೈಲ್‌ನಲ್ಲಿ ಲಿನಕ್ಸ್ ಭಾಗದ ಕೆಳಗೆ ವಿನ್32 ಎಂಬ ಹೆಸರಿನಲ್ಲಿ ಇನ್ನೊಂದು ಭಾಗ ಬರೆದೆ. ವಿಂಡೋಸ್ 64 ಬಿಟ್‌ನದ್ದಾದರೂ ಹೆಸರು ವಿನ್32 ಎಂದೇ ಇರಬೇಕು. ದಾರಿಯಲ್ಲಿ ಬರುವ ಹಿಂದಕ್ಕೆ ವಾಲಿದ ಗೆರೆಯನ್ನು ಎರಡೆರಡು ಸಲ ಹಾಕಬೇಕು ಎಂದು ತಿಳಿಯಲು ಇನ್ನೊಂದು ರಾತ್ರಿ ಬೇಕಾಯಿತು. ಕೊನೆಗೆ ಚುಕ್ಕಿ ಇಟ್ಟೆ, ಪಟ್ಟಿ ಬಂತು. ಈಗ ಒಂದೇ ಫೈಲ್ ಎರಡೂ ಕಡೆ ನಡೆಯುತ್ತದೆ. ರಾತ್ರಿ ಹನ್ನೊಂದಾಗಿತ್ತು, ಉಮ್ಮನನ್ನು ಎಬ್ಬಿಸಿ ತೋರಿಸಬೇಕು ಅನ್ನಿಸಿತು.

ಅದೇ ವಾರ ನಮಗೆ ಲ್ಯಾಬ್ ಟೆಸ್ಟ್ ಇತ್ತು. ಅಂದು ಮೇಡಂ ವಿಎಸ್ ಕೋಡ್ ತೆರೆಯಲು ಬಿಡಲಿಲ್ಲ. ಸಾದಾ ಟೆಕ್ಸ್ಟ್ ಎಡಿಟರ್ ಕೊಟ್ಟರು. ನಾನು ಸ್ಟ್ರಿಂಗ್‌ನ ಹೆಸರು ಬರೆದು, ಚುಕ್ಕಿ ಇಟ್ಟು ಕಾದೆ. ಏನೂ ಬರಲಿಲ್ಲ. ಒಂದು ಪದವನ್ನು ಹುಡುಕಿ ಅದರ ಜಾಗ ಹೇಳುವ ಸಣ್ಣ ಪ್ರೋಗ್ರಾಂ ಅದು. ಫೈಂಡ್ ಎಂಬ ಹೆಸರು ನೆನಪಿತ್ತು. ಪದ ಸಿಗದಿದ್ದರೆ ಅದು ಏನು ಕೊಡುತ್ತದೆ ಎಂಬುದು ಗೊತ್ತಿರಲಿಲ್ಲ. ಇಪ್ಪತ್ತರಲ್ಲಿ ಒಂಬತ್ತು ಅಂಕ ಬಂತು. ಕಂಪ್ಯೂಟರ್‌ನಲ್ಲಿ ನಾನೇ ಮುಂದೆ ಎಂದುಕೊಂಡಿದ್ದವನಿಗೆ ಗೆಳೆಯರ ಮುಖ ನೋಡಲೂ ನಾಚಿಕೆಯಾಯಿತು.

ಮೇಡಂ ಬೈಯಲಿಲ್ಲ. ನಾನು ಮನೆಯಲ್ಲಿ ಮಾಡಿದ್ದನ್ನೆಲ್ಲ ಕೇಳಿಸಿಕೊಂಡು, "ಅದನ್ನು ಕಲಿತದ್ದು ಒಳ್ಳೆಯದೇ. ಆದರೆ ಪಟ್ಟಿ ಇರುವುದು ಗೊತ್ತಿರುವುದನ್ನು ಬೇಗ ಬರೆಯಲಿಕ್ಕೆ, ಗೊತ್ತಿಲ್ಲದ್ದನ್ನು ಮುಚ್ಚಿಡಲಿಕ್ಕಲ್ಲ" ಎಂದರು.

ಈಗ ಮನೆಯಲ್ಲಿ ಪಟ್ಟಿ ತಾನಾಗಿ ಬರದಂತೆ ಸೆಟ್ಟಿಂಗ್ ಬದಲಿಸಿದ್ದೇನೆ. ಮೊದಲು ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆಯುತ್ತೇನೆ, ಆಮೇಲೆ ಟೈಪ್ ಮಾಡುತ್ತೇನೆ. ತೀರಾ ಸಿಕ್ಕಿಹಾಕಿಕೊಂಡಾಗ ಮಾತ್ರ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಪಟ್ಟಿ ಕೇಳುತ್ತೇನೆ. ಹಾಗೆ ಕೇಳಿದ್ದನ್ನು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದಿಡುತ್ತೇನೆ. ಮುಂದಿನ ಟೆಸ್ಟಿನಲ್ಲಿ ಹದಿನೇಳು ಬಂತು.

ಮನೆಯಲ್ಲಿ ವಿಂಡೋಸ್ ಇರುವ ಜೂನಿಯರ್‌ಗಳಿಗೆ ಆ ಸೆಟ್ಟಿಂಗ್ ಫೈಲ್ ಬೇಕಿದ್ದರೆ ಪೆನ್‌ಡ್ರೈವ್ ತನ್ನಿ, ಕೊಡುತ್ತೇನೆ. ಜೊತೆಗೆ ನೋಟ್‌ಬುಕ್ಕನ್ನೂ ತನ್ನಿ.