ಚಾರ್ಮಾಡಿ ಇಳಿದ ಬೊಲೆರೊ

ತಿಪಟೂರಿನಿಂದ ಬೆಳ್ತಂಗಡಿಗೆ ಹೋಗಲು ದಾರಿ ಕೇಳಬೇಕಾಗಿಲ್ಲ. ನಮ್ಮೂರ ಮಧ್ಯೆ ಹಾದುಹೋಗುವ ಹೆದ್ದಾರಿಯನ್ನೇ ಹಿಡಿದು ಹೊರಟರೆ ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ ಒಂದೊಂದಾಗಿ ಬರುತ್ತವೆ. ಆಮೇಲೆ ಕೊಟ್ಟಿಗೆಹಾರ. ಅಲ್ಲಿಂದ ಕೆಳಗೆ ಚಾರ್ಮಾಡಿ ಘಟ್ಟ. ಘಟ್ಟದ ಬುಡದಿಂದ ಸ್ವಲ್ಪ ದೂರದಲ್ಲೇ ಅಕ್ಕನ ಮನೆ. ಕಳೆದ ದಸರಾ ರಜೆಯಲ್ಲಿ ನಾವು ಹೊರಟಿದ್ದು ಹೀಗೆ: ಸ್ಟಿಯರಿಂಗ್ ಹಿಡಿದು ನಾನು, ಪಕ್ಕದಲ್ಲಿ ಅಪ್ಪ, ಹಿಂದೆ ನಮ್ಮನೆಯವರು ಮತ್ತು ಏಳನೇ ಕ್ಲಾಸಿನ ಮಗ, ಅವರ ಹಿಂದೆ ಎರಡು ಮೂಟೆ ತೆಂಗಿನಕಾಯಿ.

ಕರಾವಳಿಗೆ ತೆಂಗಿನಕಾಯಿ ಹೊತ್ತುಕೊಂಡು ಹೋಗುವವರನ್ನು ನೀವು ನೋಡಿರಲಾರಿರಿ. ಭಾವನ ತೋಟದಲ್ಲೇ ಬೇಕಾದಷ್ಟಿದೆ. ಆದರೆ "ನಮ್ಮ ಕಡೆ ಕಾಯಿಯ ರುಚಿ ಅಲ್ಲಿ ಎಲ್ಲಿ ಬರಬೇಕು" ಎಂಬುದು ಅಪ್ಪನ ವಾದ. ಈ ಮೂಟೆಗಳ ವಿಷಯ ಸುಮ್ಮನೆ ಹೇಳುತ್ತಿಲ್ಲ, ಮುಂದೆ ಇವಕ್ಕೂ ಕೆಲಸವಿದೆ.

ಬೊಲೆರೊ 2007ರ ಮಾಡೆಲ್. ಮೀಟರಿನಲ್ಲಿ ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ದಾಟಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಟಿಓ ಕಚೇರಿಯಲ್ಲಿ ನಿಲ್ಲಿಸಿ ತೋರಿಸಿ, ಇನ್ನೈದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಂಡು ಬಂದಿದ್ದೇವೆ. ಅಪ್ಪ ಕೊಬ್ಬರಿ ವ್ಯಾಪಾರಕ್ಕೆ ಓಡಿಸಿದ ಗಾಡಿ ಇದು. ಸಣ್ಣಪುಟ್ಟ ರಿಪೇರಿಯನ್ನೆಲ್ಲ ಹಿತ್ತಲಿನ ಹುಣಸೆಮರದ ಕೆಳಗೆ ಅವರೇ ಮಾಡುತ್ತಿದ್ದರು. ಮಾಡಿದ್ದನ್ನೆಲ್ಲ ತಾರೀಖು, ಕಿಲೋಮೀಟರ್ ಸಮೇತ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಕಣ್ಣಿನ ಆಪರೇಷನ್ ಆದಮೇಲೆ ಕೀಲಿಕೈ, ಪಾನಾ ಪೆಟ್ಟಿಗೆ, ಪುಸ್ತಕ ಮೂರೂ ನನ್ನ ಕೈಗೆ ಬಂದವು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮೊದಮೊದಲು ಎಂಜಿನ್ ಆಯಿಲ್ ಬದಲಿಸುವಾಗ ಕೆಳಗಿನ ಬೋಲ್ಟನ್ನು ತಟ್ಟೆಯೊಳಗೇ ಬೀಳಿಸಿ, ಬಿಸಿ ಆಯಿಲಿನಲ್ಲಿ ಕೈಯಾಡಿಸಿದವಳು. ಈಗ ಪರವಾಗಿಲ್ಲ. ಆಯಿಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಫ್ಯಾನ್ ಬೆಲ್ಟ್ ನಾನೇ ಬದಲಿಸುತ್ತೇನೆ. ಬ್ಯಾಟರಿ ತುದಿಯಲ್ಲಿ ಬೆಳ್ಳಗೆ ಉಪ್ಪು ಕಟ್ಟಿದರೆ ಬಿಸಿನೀರು ಹಾಕಿ ತೊಳೆದು ವ್ಯಾಸಲೀನ್ ಸವರುತ್ತೇನೆ. ಸ್ಟಿಯರಿಂಗ್, ಕ್ಲಚ್, ಡೀಸೆಲ್ ಪಂಪು ಮುಟ್ಟುವುದಿಲ್ಲ. ಅವಕ್ಕೆ ಗ್ಯಾರೇಜೇ ಸರಿ. ಇನ್ನೊಂದು ನಿಯಮವನ್ನು ಮಾತ್ರ ಅಪ್ಪ ಗದರಿಸಿಯೇ ಕಲಿಸಿದ್ದಾರೆ: ಬರೀ ಜಾಕಿಯನ್ನು ನಂಬಿ ಗಾಡಿಯ ಅಡಿಗೆ ತಲೆ ಹಾಕಬಾರದು. ಸ್ಟ್ಯಾಂಡ್ ಕೊಡಬೇಕು, ನೆಲದ ಮೇಲಿರುವ ಚಕ್ರಕ್ಕೆ ಹಿಂದೆಮುಂದೆ ಕಲ್ಲು ಇಡಬೇಕು.

ಹೊರಡುವ ಹಿಂದಿನ ವಾರ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಿದೆ. ಹೊಸ ಪ್ಯಾಡ್ ದಪ್ಪ ಇರುತ್ತದೆ, ಅದು ಕೂರಬೇಕಾದರೆ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಹಾಗೆ ತಳ್ಳಿದಾಗ ಪೈಪಿನಲ್ಲಿರುವ ಬ್ರೇಕ್ ಆಯಿಲ್ ಬಾನೆಟ್ ಒಳಗಿನ ಡಬ್ಬಿಗೆ ವಾಪಸ್ ಏರುತ್ತದೆ. ಮುಚ್ಚಳ ತೆಗೆದು ನೋಡಿದೆ. ಹೊಸತಾಗಿದ್ದಾಗ ತಿಳಿಜೇನಿನಂತಿರುವ ಅದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬದಲಿಸಬೇಕಿತ್ತು. ಆದರೆ ಅದು ಒಬ್ಬರ ಕೆಲಸವಲ್ಲ: ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂರಬೇಕು. ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲ, ಕತ್ತಲಾಗುತ್ತಿತ್ತು, ಸೊಳ್ಳೆ ಬೇರೆ. ಮುಚ್ಚಳ ತಿರುಗಿಸಿ ಕೈ ತೊಳೆದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಬ್ರೇಕ್ ಆಯಿಲೂ ಆಯ್ತೇನಮ್ಮ?"

"ಆಯ್ತಪ್ಪ" ಎಂದೆ.

ಅಷ್ಟರಲ್ಲೇ ಗಾಡಿ ಮಾರುವ ಮಾತೂ ನಡೆದಿತ್ತು. ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ನಮ್ಮನೆಯವರಿಗೆ ಕೊಟ್ಟುಬಿಡುವ ಮನಸ್ಸು, ಅಪ್ಪನಿಗೆ ಇಲ್ಲ. "ಈ ಸಲ ಬೆಳ್ತಂಗಡಿಗೆ ಹೋಗಿ ಬರೋಣ, ಆಮೇಲೆ ನೋಡೋಣ" ಎಂದಿದ್ದೆ. ಹೀಗಾಗಿ ಗಾಡಿಯ ಯಾವ ಹುಳುಕೂ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಅರಸೀಕೆರೆ, ಬಾಣಾವರದ ತನಕ ತೆಂಗು, ರಾಗಿ, ಅಲ್ಲಲ್ಲಿ ಕೆರೆ ಏರಿ, ನಮ್ಮೂರೇ ಮುಂದುವರಿದಂತೆ. ಹಳೇಬೀಡಿನ ಕೆರೆಯ ಪಕ್ಕ ನಿಲ್ಲಿಸಿ ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದೆವು. ಬೇಲೂರು ದಾಟಿದ ಮೇಲೆ ನೆಲದ ಬಣ್ಣ, ಗಾಳಿಯ ತಂಪು ಎರಡೂ ಬದಲಾಗಿ ಕಾಫಿ ತೋಟ ಶುರು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ತಬ್ಬಿಕೊಂಡಿತ್ತು. ಮೂಡಿಗೆರೆಯಲ್ಲಿ ಮಗನಿಗೆ ಪೂರ್ಣಚಂದ್ರ ತೇಜಸ್ವಿಯವರು ಬದುಕಿದ್ದ ಊರು ಇದು, ಅವರ ಮನೆಯ ಹೆಸರು 'ನಿರುತ್ತರ' ಎಂದು ಹೇಳಿದೆ. ಅವರು ತೀರಿಕೊಂಡಿದ್ದು 2007ರಲ್ಲಿ. "ಅಂದ್ರೆ ನಮ್ಮ ಗಾಡಿ ಹುಟ್ಟಿದ ವರ್ಷ" ಎಂದ ಅವನು. ಮಕ್ಕಳ ಲೆಕ್ಕವೇ ಬೇರೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ. ಬಿಸಿ ದೋಸೆ, ಖಾರದ ಚಟ್ನಿ, ಹೊರಗೆ ಕೈಗೆ ಸಿಗುವಷ್ಟು ಹತ್ತಿರದ ಮಂಜು. ಕಳಸ, ಹೊರನಾಡಿನ ಕಡೆಯ ರಸ್ತೆ ಇಲ್ಲೇ ಕವಲೊಡೆಯುತ್ತದೆ. ಚಾರ್ಮಾಡಿಯ ರಸ್ತೆ ಹಿಡಿದೆ.

ಈ ಘಟ್ಟ 2019ರ ಆಗಸ್ಟ್ ಮಳೆಗೆ ಅಲ್ಲಲ್ಲಿ ಕುಸಿದು ಸಂಚಾರವೇ ನಿಂತಿತ್ತು. ಈಗಲೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮಳೆ ಆಗತಾನೆ ಹಿಂದೆ ಸರಿದಿದ್ದರಿಂದ ಬಂಡೆಗಳ ಮೇಲಿಂದ ನೂಲಿನಂತೆ ನೀರು ಇಳಿಯುತ್ತಿತ್ತು. ಮುಂದೊಂದು ಪ್ರವಾಸಿಗರ ಬಸ್ಸು ನಿಂತು ನಿಂತು ಹೋಗುತ್ತಿತ್ತು. ನಾನು ಮೂರನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅದರ ಹಿಂದೆ ಇಳಿಯುತ್ತಿದ್ದೆ.

"ಎರಡಕ್ಕೆ ಹಾಕಮ್ಮ. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು" ಎಂದರು ಅಪ್ಪ.

"ಗೊತ್ತಪ್ಪ."

ಗೊತ್ತಿತ್ತು. ಹಾಕಲಿಲ್ಲ. ಇನ್ನೂ ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಏನೋ ಸುಟ್ಟ ವಾಸನೆ ಬಂತು. ಅದು ಬಸ್ಸಿನದು ಎಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಹಣ್ಣಾದ ಬಾಳೆಹಣ್ಣು ತುಳಿದಂತೆ ಮೆತ್ತಗೆ ಕೆಳಗಿಳಿದುಹೋಯಿತು. ಗಾಡಿ ನಿಧಾನವಾಗಲಿಲ್ಲ.

ಆ ಎರಡು ಮೂರು ಸೆಕೆಂಡುಗಳನ್ನು ಈಗ ಬರೆಯುವಾಗಲೂ ಅಂಗೈ ಬೆವರುತ್ತದೆ. ಪೆಡಲನ್ನು ಪಟಪಟ ಒತ್ತಿದೆ, ಸ್ವಲ್ಪ ಹಿಡಿತ ಬಂತು. ಎರಡಕ್ಕೆ ಹಾಕಿದೆ, ಎಂಜಿನ್ ಕಿರುಚಿತು. ಹ್ಯಾಂಡ್‌ಬ್ರೇಕ್ ಮೇಲೆ ಅಪ್ಪನ ಕೈ ನನಗಿಂತ ಮೊದಲು ಹೋಗಿತ್ತು. ಒಮ್ಮೆಲೇ ಎಳೆಯದೆ ಸ್ವಲ್ಪಸ್ವಲ್ಪವೇ ಎತ್ತಿದರು. ಅದಕ್ಕೆ ಬ್ರೇಕ್ ಆಯಿಲಿನ ಹಂಗಿಲ್ಲ, ತಂತಿ ಎಳೆದು ಹಿಂದಿನ ಚಕ್ರ ಹಿಡಿಯುತ್ತದೆ. ಒಂದನೇ ಗೇರು. ಬಂಡೆಯ ಕಡೆ ಸ್ವಲ್ಪ ಅಗಲವಿದ್ದ ಜಾಗದಲ್ಲಿ ಗಾಡಿ ನಿಂತಿತು. ನಮ್ಮನೆಯವರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಮಗ ನೀರಿನ ಬಾಟಲಿ ಹಿಡಿದು ಓಡಿದ. "ಹಾಕಬೇಡ!" ಎಂದು ಅಪ್ಪ ಕೂಗಿದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ತಾನಾಗಿ ಆರಬೇಕು.

ಏನಾಯಿತೆಂದು ಮಗ ಕೇಳಿದ. ಪ್ಯಾಸ್ಕಲ್ ನಿಯಮ ಪಾಠ ಮಾಡುವ ಟೀಚರು ಘಟ್ಟದ ಬದಿಯಲ್ಲಿ ಕೂತು ಹೇಳಬೇಕಾಯಿತು. ನಾವು ಪೆಡಲ್ ಒತ್ತಿದ ಬಲವನ್ನು ಚಕ್ರದವರೆಗೆ ಒಯ್ಯುವುದು ಬ್ರೇಕ್ ಆಯಿಲ್. ದ್ರವ ಅಮುಕಿದರೆ ಕುಗ್ಗುವುದಿಲ್ಲ, ಅದಕ್ಕೇ ಕೆಲಸ ನಡೆಯುತ್ತದೆ. ಮನೆಯಲ್ಲಿ ಸೂಜಿಯಿಲ್ಲದ ಹೊಸ ಸಿರಿಂಜ್ ಇದ್ದರೆ ನೋಡಿ. ನೀರು ತುಂಬಿ ತುದಿಯನ್ನು ಬೆರಳಿಂದ ಮುಚ್ಚಿ ಒತ್ತಿದರೆ ಅಲುಗುವುದಿಲ್ಲ. ಗಾಳಿ ಇದ್ದರೆ ಮೆತ್ತಗೆ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. 'ಡಾಟ್ 3' ಎಂಬ ಗುರುತಿನ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಭಾರದ ಗಾಡಿ, ಉದ್ದನೆಯ ಇಳಿಜಾರು, ಒತ್ತಿಹಿಡಿದ ಬ್ರೇಕು. ಹಳೆಯ ಆಯಿಲ್ ಕುದಿದು ಪೈಪಿನಲ್ಲಿ ಗುಳ್ಳೆ ಎದ್ದಿತ್ತು. ನಾನು ತುಳಿದದ್ದು ಆ ಗುಳ್ಳೆಗಳನ್ನು.

"ಆದ್ರೆ ಹೊಸ ಆಯಿಲ್ ಹಾಕಿದ್ಯಲ್ಲಮ್ಮ?" ಎಂದ ಮಗ.

ಮೂವರೂ ನನ್ನನ್ನೇ ನೋಡುತ್ತಿದ್ದರು. "ಹಾಕಿಲ್ಲ. ಸುಳ್ಳು ಹೇಳಿದ್ದೆ" ಎಂದೆ.

ನಮ್ಮನೆಯವರು ಏನೋ ಹೇಳಲು ಹೋಗಿ, ಮಗನನ್ನು ನೋಡಿ ಸುಮ್ಮನಾದರು. ಬೈದಿದ್ದರೇ ಹಗುರಾಗುತ್ತಿತ್ತು. ನನಗೆ ಒಂದು ವಿಷಯ ಮಾತ್ರ ಅರ್ಥವಾಗಿರಲಿಲ್ಲ. ಪುಸ್ತಕದ ಪ್ರಕಾರ 2021ರಲ್ಲಿ ಅಪ್ಪ ಆಯಿಲ್ ಬದಲಿಸಿದ್ದರು. ಅಷ್ಟರಲ್ಲಿ ಇಷ್ಟು ಕಪ್ಪಾಗುತ್ತದೆಯೇ? ಕೇಳಿಯೇಬಿಟ್ಟೆ.

ಅಪ್ಪ ಕಣಿವೆಯ ಕಡೆ ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಬರೆದೆ ಕಣಮ್ಮ, ಮಾಡಲಿಲ್ಲ. ಪೆಡಲ್ ಒತ್ತೋಕೆ ಜನ ಬೇಕಿತ್ತು. ನೀನು ಬಂದಾಗ ಮಾಡೋಣ ಅಂತ ಬಿಟ್ಟೆ. ಆಮೇಲೆ ಕಣ್ಣು..." ಎಂದರು.

ಫೋನಿಗೆ ಸಿಗ್ನಲ್ ಇರಲಿಲ್ಲ. ಒಂದು ಗಂಟೆಯ ಮೇಲೆ ಕಾದೆವು. ಅಷ್ಟರಲ್ಲಿ ಕೆಳಗೆ ಹೋಗುವ ಸರ್ಕಾರಿ ಬಸ್ ಬಂತು, ಕೈ ಅಡ್ಡ ಹಿಡಿದೆವು. ಮಗ, ನಮ್ಮನೆಯವರು, ಎರಡು ಮೂಟೆ ತೆಂಗಿನಕಾಯಿ ಬಸ್ಸಿಗೆ ಏರಿದವು. ಕಂಡಕ್ಟರ್ ಮೂಟೆಗಳನ್ನೂ ನಮ್ಮನ್ನೂ ಒಮ್ಮೆ ನೋಡಿ, "ಬೆಳ್ತಂಗಡಿಗೆ ತೆಂಗಿನಕಾಯಾ?" ಎಂದು ಲಗೇಜ್ ಟಿಕೆಟ್ ಕೊಟ್ಟರು. ಅಪ್ಪನನ್ನೂ ಹತ್ತಿಸಲು ನೋಡಿದೆ. "ನನ್ನ ಗಾಡಿ. ನಾನು ಇಳಿಯೋದಿಲ್ಲ" ಎಂದು ಸೀಟ್ ಬೆಲ್ಟ್ ಎಳೆದುಕೊಂಡರು.

ಆಯಿಲ್ ತಣ್ಣಗಾದಂತೆ ಗುಳ್ಳೆ ಕರಗಿ ಪೆಡಲ್ ಮತ್ತೆ ಗಟ್ಟಿಯಾಗಿತ್ತು. ಆದರೂ ಅದನ್ನು ನಂಬಲಿಲ್ಲ. ಒಂದನೇ ಗೇರಿನಲ್ಲಿ, ಮನುಷ್ಯ ನಡೆಯುವಷ್ಟು ವೇಗದಲ್ಲಿ ಇಳಿದೆವು. ಇಂಥಲ್ಲಿ ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕುತ್ತಾರೆ, ಎಂಜಿನ್ನನ್ನೇ ಆರಿಸುವವರೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನಿರ್ವಾತದ ಸಹಾಯ ನಾಲ್ಕು ಸಲ ಒತ್ತುವುದರೊಳಗೆ ಮುಗಿದು ಪೆಡಲ್ ಕಲ್ಲಾಗುತ್ತದೆ. ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ಲಾರಿ ಡ್ರೈವರುಗಳು ಕೈಮುಗಿದು ಹೋಗುವುದನ್ನು ಬಹಳ ಸಲ ನೋಡಿದ್ದೇನೆ. ಈ ಘಟ್ಟದ ಕಡೆ ಹರಿಯುವ ಹೊಳೆಯ ಹೆಸರು ಮೃತ್ಯುಂಜಯ. ಹಿಂದೆಲ್ಲ ಆ ಹೆಸರಿಟ್ಟು ತಮಾಷೆ ಮಾಡುತ್ತಿದ್ದೆವು. ಅವತ್ತು ಇಬ್ಬರೂ ಮಾಡಲಿಲ್ಲ.

ಮರುದಿನ ಭಾವ ಅಂದರು, "ಇಲ್ಲಿ ಗ್ಯಾರೇಜ್ ಇಲ್ವಾ ಮಾರಾಯ್ತಿ? ಎಂಥದು ರಜೆಗೆ ಬಂದು ಗಾಡಿಯ ಅಡಿಗೆ ಮಲಗುವುದು?" ಮೊದಲು ಪರಿಚಯದ ಮೆಕ್ಯಾನಿಕ್ಕಿಗೆ ಪ್ಯಾಡ್, ಡಿಸ್ಕ್, ಪೈಪು ತೋರಿಸಿದೆವು. ಪ್ಯಾಡಿನ ಮೇಲ್ಮೈ ಗಾಜಿನಂತಾಗಿತ್ತು. ಅವರೇ ಬೇರೆ ಹಾಕಿಕೊಟ್ಟರು. ಆಯಿಲ್ ಮಾತ್ರ ಅಕ್ಕನ ಮನೆಯ ಅಂಗಳದಲ್ಲಿ ನಾವೇ ಬದಲಿಸಿದೆವು.

ಮಾಸ್ಟರ್ ಸಿಲಿಂಡರಿಗೆ ತೀರಾ ದೂರದ ಚಕ್ರದಿಂದ ಶುರು, ಅಂದರೆ ಹಿಂದಿನ ಎಡಗಡೆಯದು. ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದೆ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತರು. ಎರಡು ವರ್ಷದ ಮೇಲೆ ಮೊದಲ ಸಲ. ಕೂತವರೇ ಕನ್ನಡಿಯನ್ನು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡರು!

"ಒತ್ತಪ್ಪ."

"ಒತ್ತಿದೆ."

"ಹಿಡ್ಕೋ." ನಿಪ್ಪಲ್ ಸಡಿಲಿಸುತ್ತೇನೆ, ಕಂದು ಆಯಿಲ್ ಗುಳ್ಳೆ ಸಮೇತ ಕೊಳವೆಗೆ ಬರುತ್ತದೆ. ಬಿಗಿಮಾಡಿದ ಮೇಲೇ "ಬಿಡು." ಮೊದಲೇ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ಮಗನಿಗೆ ಬಾನೆಟ್ ಕಡೆ ಕಾವಲು. ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗೆ ಇಳಿಯುವ ಮೊದಲೇ ಹೊಸದು ಸುರಿಯಬೇಕು. ಒಂದು ಹನಿ ಮಡ್‌ಗಾರ್ಡ್ ಮೇಲೆ ಚೆಲ್ಲಿದ. ಪೇಂಟ್ ತಿಂದುಬಿಡುವ ದ್ರವ ಅದು, ಅಕ್ಕ ಓಡಿಬಂದು ನೀರು ಹೊಯ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕೂ ಚಕ್ರದಲ್ಲಿ ತಿಳಿಜೇನಿನ ಬಣ್ಣ ಕಂಡಿತು. ಊಟಕ್ಕೆ ನಮ್ಮೂರ ಕಾಯಿಯ ಚಟ್ನಿ. ಭಾವ ಎರಡು ಸಲ ಹಾಕಿಸಿಕೊಂಡರು. ರುಚಿಗೋ, ಮಾವನ ಮೇಲಿನ ಮರ್ಯಾದೆಗೋ ಗೊತ್ತಿಲ್ಲ.

ಸಂಜೆ ಪುಸ್ತಕ ತೆಗೆದು ಬರೆದೆ: "3,12,640. ಬ್ರೇಕ್ ಆಯಿಲ್ ಬದಲು, ನಾಲ್ಕು ಚಕ್ರ. ಒತ್ತಿದವರು ಅಪ್ಪ." ಅವರು ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಹಿಂದಕ್ಕೆ ತಿರುವಿದರು. 2021ರ ಸಾಲು ಹುಡುಕಿ, ಪೆನ್ನು ಈಸಿಕೊಂಡು, ಅಡ್ಡಗೆರೆ ಎಳೆದರು.

ವಾಪಸ್ ಬರುವಾಗ ಘಟ್ಟ ಹತ್ತಿ ಕೊಟ್ಟಿಗೆಹಾರ ಸೇರುತ್ತಿದ್ದಂತೆ ನಮ್ಮನೆಯವರ ಫೋನ್ ಬಡಿದುಕೊಂಡಿತು. ಗಾಡಿ ಕೊಳ್ಳಲು ಕೇಳಿದ್ದವರು. "ಬ್ರೇಕ್ ಹೇಗಿದೆ ಅಂತ ಕೇಳ್ತಿದಾರೆ" ಎಂದು ಅವರು ಫೋನನ್ನು ಮುಂದಕ್ಕೆ ಚಾಚಿದರು. ನಾನು ಗಾಡಿ ಬದಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಅಪ್ಪ ಅದನ್ನು ಇಸ್ಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿಂದ ಎಲ್ಲ ಹೇಳತೊಡಗಿದರು.