ಹೋರಿಗರ, ಶೇಂಗಾ ಮೊಸರು ಮತ್ತು ಮಗಳ ಮೂರನೇ ಹಂಗಾಮು

ಈ ಸಲ ಬೆಳಿ ಬಗ್ಗೆ ಬರೆಯೂದಿಲ್ಲ. ಕಡ್ಲಿ ರಾಶಿ ಮುಗದೈತಿ, ಬಿಳಿಜೋಳ ಕೊಯ್ದು ಹಾಕೀವಿ, ಕಣಕಿ ಬಣವಿ ಒಟ್ಟೂದು ಎರಡು ದಿನದ ಕೆಲಸ ಉಳದೈತಿ. ಕೈಗೆ ಸ್ವಲ್ಪ ಬಿಡುವು ಸಿಕ್ಕೈತಿ ಅಂತ ಬಹಳ ದಿನದಿಂದ ಮನಸಿನ್ಯಾಗ ಇಟ್ಟುಕೊಂಡ ಒಂದು ವಿಷಯ ಬರೀತೀನಿ. ದನಾ ಕಟ್ಟಿದವರು ಪೂರ್ತಿ ಓದ್ರಿ.

ನಮಗ ಇರೂದು ಎರಡ ಹಂಗಾಮು, ಮುಂಗಾರಿ ಮತ್ತ ಹಿಂಗಾರಿ. ಬೆಂಗಳೂರಾಗ ಕೆಲಸ ಮಾಡೋ ನನ್ನ ಮಗಳಿಗೆ ಮೂರನೇದೊಂದು ಐತಿ. ಅದಕ್ಕ ಆಕಿ ಪ್ರಶಸ್ತಿ ಹಂಗಾಮು ಅಂತಾಳ. ಜನವರಿಯೊಳಗ ಗೋಲ್ಡನ್ ಗ್ಲೋಬ್, ಆಮೇಲೆ ಇಂಗ್ಲೆಂಡಿನ ಬಾಫ್ಟಾ, ಕಡೀಕ ಆಸ್ಕರ್. ಎಲ್ಲವ್ವನ ಗುಡ್ಡದ ಭಾರತ ಹುಣ್ಣಿವಿ ಹೊತ್ತಿಗೆ ರಜಾ ಹಾಕಿ ಕಟಕೋಳಕ್ಕ ಬರತಾಳ, ಬರುವಾಗ ಲ್ಯಾಪ್‌ಟಾಪ್ ತರತಾಳ. ರಾತ್ರಿ ಊಟ ಆದಮ್ಯಾಲ ಪಡಸಾಲ್ಯಾಗ ಎಲ್ಲಾರೂ ಕುಂತು ಸಿನಿಮಾ ನೋಡ್ತೀವಿ. ಮಾತು ತಿಳೀದಿದ್ದರ ಮಗಳು ನಡುವ ನಡುವ ನಿಲ್ಲಿಸಿ ಕನ್ನಡದಾಗ ಹೇಳ್ತಾಳ.

ಒಮ್ಮೆ ನಮ್ಮ ಚಿದಾನಂದ ಎಸ್. ನಾಯ್ಕ್ ಮಾಡಿದ ಸಣ್ಣ ಸಿನಿಮಾದ ಕಥಿ ಹೇಳಿದ್ಲು. ಮುದುಕಿಯೊಬ್ಬಳು ಊರ ಹುಂಜಾ ಕದ್ದು ಒಯ್ತಾಳಂತ, ಊರಿಗೆ ಬೆಳಗ ಆಗೂದ ಇಲ್ಲಂತ. ಕನ್ನಡದ ಸಿನಿಮಾ, 2024ರಾಗ ಫ್ರಾನ್ಸಿನ ಕಾನ್‌ನ್ಯಾಗ ವಿದ್ಯಾರ್ಥಿಗಳ ವಿಭಾಗದ ಮೊದಲ ಬಹುಮಾನ ತಗೊಂಡೈತಿ. ಕೇಳಿ ನಮ್ಮವ್ವ ಅಂದ್ಳು, "ಹಂಗಿದ್ರ ನಮ್ಮ ಊರಿಗೆ ಯಾವಾಗೋ ಕತ್ತಲಾಗಬೇಕಿತ್ತು. ಇದ್ದ ಹುಂಜಾ ಎಲ್ಲಾ ರವಿವಾರಕ್ಕ ಹೋಗಿಬಿಡ್ತಾವು."

ಇನ್ನ ಮುಖ್ಯ ವಿಷಯಕ್ಕ ಬರತೀನಿ. ಆಸ್ಕರ್ ಕೊಡೂದು ಅಮೆರಿಕಾದಾಗ ರವಿವಾರ ಸಂಜೀಕ, ನಮಗ ಅದು ಸೋಮವಾರ ಮುಂಜಾನೆ, ಹಾಲು ಹಿಂಡೂ ಹೊತ್ತು. 2020ರ ಫೆಬ್ರುವರಿ 10, ನಾ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಕೊಂಡು ಬಂದೆ. ಮಗಳು ಕಟ್ಟಿಮ್ಯಾಲ ಫೋನ್ ನೋಡ್ಕೋತ ಕುಂತಿದ್ಲು. 'ಜೋಕರ್' ಸಿನಿಮಾಕ್ಕ ವಾಕೀನ್ ಫೀನಿಕ್ಸ್ ಅನ್ನೋ ನಟಗ ಪ್ರಶಸ್ತಿ ಬಂದಿತ್ತು. ಅಂವಾ ವೇದಿಕಿ ಮ್ಯಾಲ ನಿಂತು ಆಕಳದ ಬಗ್ಗೆ ಮಾತಾಡಿದಾನ. ಆಕಳಿಗೆ ನಾವ ಗರ್ಭ ಕಟ್ಟಸ್ತೀವಿ, ಹಡದ ಕೂಡ್ಲೆ ಕರ ಕಸಕೋತೀವಿ, ತಾಯಿ ಒದರಿದ್ರೂ ಕೇಳೂದಿಲ್ಲ, ಕರದ ಹಾಲು ತಗದು ಕಾಫಿಗೆ ಹಾಕೋತೀವಿ, ಇಷ್ಟು ಅರ್ಥ. ಅದೇ ವರ್ಷ ಗೋಲ್ಡನ್ ಗ್ಲೋಬ್ ಊಟದಾಗೂ ಮಾಂಸ, ಹಾಲು ಏನೂ ಇರದ ಅಡಿಗಿ ಬಡಿಸಿದ್ರಂತ.

ನಾ ನಕ್ಕೆ. "ಯವ್ವಾ, ಅವರು ಆಕಳ ತಿನ್ನೂ ಮಂದಿ, ಅವರಿಗೆ ಈ ಬುದ್ಧಿ ಬೇಕು. ನಾವು ಶಾಕಾಹಾರಿಗಳು, ಬಸವಣ್ಣಗ ಕೈ ಮುಗಿಯೂ ಮಂದಿ" ಅಂದೆ. ಆಕಿ ಏನೂ ಅನಲಿಲ್ಲ. ಮರುದಿನದಿಂದ ಚಹಾಕ್ಕ ಹಾಲು ಬಿಟ್ಟಳು. ಆಮೇಲೆ ಮೊಸರು, ಬೆಣ್ಣಿ, ತುಪ್ಪ. ಇದಕ್ಕ ವೀಗನ್ ಅಂತಾರ.

ಮನ್ಯಾಗ ದೊಡ್ಡ ಗದ್ದಲ ಆತು. ನಮ್ಮವ್ವ ಮೂರು ದಿನ ಮಾತಾಡಲಿಲ್ಲ. ಮೊಮ್ಮಗಳು ರೊಟ್ಟಿಗೆ ಬೆಣ್ಣಿ ಬ್ಯಾಡ ಅಂದ್ರ ಅಜ್ಜಿಗೆ ಹೆಂಗ ಅನ್ನಿಸಬೇಕು ಹೇಳ್ರಿ. ಆದ್ರ ಕುಂತು ಲೆಕ್ಕ ಹಾಕಿದ್ರ ನಮ್ಮ ತಾಟಿನ್ಯಾಗ ಬದಲಾಗೂದು ಬಹಳ ಏನೂ ಇರಲಿಲ್ಲ. ಜೋಳದ ರೊಟ್ಟಿ, ಎಣ್ಣಿಗಾಯಿ, ಝುಣಕ, ಮಡಿಕಿಕಾಳ ಪಲ್ಲೆ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಯಾವುದಕ್ಕೂ ಹಾಲಿಲ್ಲ. ತಪ್ಪಿದ್ದು ಮೊಸರೊಂದ. ಹಿಂಡಿ ಕಲಸಾಕ ಮೊಸರು ಬೇಕಲ್ಲ.

ಅದಕ್ಕೂ ಮಗಳು ದಾರಿ ಹುಡುಕಿದ್ಲು, ಶೇಂಗಾ ಮೊಸರು. ಬೇಕಾದವರು ಮಾಡಿ ನೋಡ್ರಿ. ಒಂದು ಬಟ್ಟಲ ಶೇಂಗಾ ರಾತ್ರಿ ನೆನಿ ಹಾಕಿ, ಸಿಪ್ಪಿ ತಗದು, ನುಣ್ಣಗ ರುಬ್ಬಿ, ನಾಲ್ಕು ಬಟ್ಟಲ ನೀರು ಸೇರಿಸಿ ಅರವಿಯೊಳಗ ಸೋಸಬೇಕು. ಆ ಹಾಲು ಸಣ್ಣ ಉರಿಮ್ಯಾಲ ತಿರುವ್ಕೋತ ಕಾಯಿಸಿ, ಉಗುರು ಬೆಚ್ಚಗ ಆದಮ್ಯಾಲ ಏಳೆಂಟು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಬೇಕು. ಮೊದಲ ಸಲ ಸರಿಯಾಗಿ ಹೆಪ್ಪಾಗೂದಿಲ್ಲ. ಅದರಾಗಿಂದು ಒಂದು ಚಮಚಾ ತಗದು ಮತ್ತ ಹೆಪ್ಪು ಹಾಕಿದ್ರ ಎರಡನೇ ಸಲ ಗಟ್ಟಿ ಬರತೈತಿ. ಶೇಂಗಾ ವಾಸನಿ ಇರತೈತಿ, ಸುಳ್ಳು ಹೇಳೂದಿಲ್ಲ. ಬಳ್ಳೊಳ್ಳಿ ಒಗ್ಗರಣಿ ಹಾಕಿದ್ರ ಹೋಗತೈತಿ. ಇನ್ನೊಂದು ಮಾತು, ಬಿ12 ಅನ್ನೋ ಜೀವಸತ್ವ ಕಾಳು ಕಾಯಿಪಲ್ಲೆಯೊಳಗ ಸಿಗೂದಿಲ್ಲ. ಮಗಳು ಡಾಕ್ಟರ್ ಹೇಳಿದಂಗ ಅದರ ಗುಳಗಿ ತಗೋತಾಳ. ಹಾಲು ಬಿಡವರು ಇದನ್ನ ಮರೀಬಾರದು.

ಹೋದ ವರ್ಷ ಆಕಿ 'ಕೌ' ಅನ್ನೋ ಸಿನಿಮಾ ಹಚ್ಚಿದ್ಲು. ಇಂಗ್ಲೆಂಡಿನ ಆಂಡ್ರಿಯಾ ಆರ್ನಾಲ್ಡ್ ಮಾಡಿದ್ದು, 2021ರದು, ಬಾಫ್ಟಾದ ಸಾಕ್ಷ್ಯಚಿತ್ರದ ಪಟ್ಟಿಯೊಳಗ ಬಂದಿತ್ತು. ಹೇಳೋ ದನಿ ಇಲ್ಲ, ಕಥಿ ಇಲ್ಲ. ಲೂಮಾ ಅನ್ನೋ ಒಂದು ಡೈರಿ ಆಕಳದ ಬೆನ್ನು ಹತ್ತಿ ತಗದಿದ್ದು, ಅಷ್ಟ. ಸುರುವಿಗೆ ಆಕಳ ಈಯತೈತಿ, ಕರ ನೆಕ್ಕತೈತಿ. ಸ್ವಲ್ಪ ಹೊತ್ತಿಗೆ ಕರ ಒಯ್ತಾರ. ಅದು ಕ್ಯಾಮೆರಾ ಕಡೆ ತಿರುಗಿ ಒದರತೈತಿ, ಒದರತೈತಿ. ಕೊಟಗಿಯೊಳಗ ರೇಡಿಯೋದಾಗ ಸಿನಿಮಾ ಹಾಡಿನಂಥಾ ಹಾಡು ನಡದಿರತಾವು. ಕಡೀಕ ಲೂಮಾಗ ವಯಸ್ಸಾಗತೈತಿ, ಮುಂದ ತಿನ್ನಾಕ ಇಟ್ಟು ಗುಂಡು ಹೊಡೀತಾರ. ಸಿನಿಮಾ ಮುಗೀತು.

ಯಾರೂ ಮಾತಾಡಲಿಲ್ಲ. ನಾ ಹೊರಗ ಹೋಗಿ ದನಕ್ಕ ಕಣಕಿ ಹಾಕಿ ಬಂದೆ. ಗುಂಡಿಗಿಂತ ನನಗ ಆ ಒದರೂದು ಕಿವಿಯೊಳಗ ಉಳೀತು, ಯಾಕಂದ್ರ ಆ ದನಿ ನಾ ಮೊದಲ ಕೇಳಿದ್ದೆ.

ಈಗ ಹೇಳೂದು ನನ್ನ ತಪ್ಪು. ಮೂರು ವರ್ಷದ ಹಿಂದ ನಮ್ಮ ಜರ್ಸಿ ಆಕಳ ಹೋರಿಗರ ಹಾಕಿತ್ತು. ಹೆಣ್ಗರ ಆಗಿದ್ರ ಒಂದು ಮೊಲಿ ಪೂರ್ತಿ ಬಿಡ್ತಿದ್ದೆ. ಹೋರಿಗರಕ್ಕ ಗಿಣ್ಣದ ಹಾಲಷ್ಟ ಕುಡಿಸಿದೆ, ಆಮೇಲೆ ಬಾಯಿ ಹಚ್ಚಿಸಿ ಹಾಲು ಇಳಿಸಿಕೊಂಡು ಎಳದು ಕಟ್ಟಿದೆ. ದಿನಾ ಸ್ವಲ್ಪ ಕಡಿಮಿ, ಮತ್ತ ಸ್ವಲ್ಪ ಕಡಿಮಿ. ಇಪ್ಪತ್ತೆರಡನೇ ದಿನಕ್ಕ ಮುಂಜಾನೆ ಎದ್ದು ನೋಡಿದ್ರ ಕಾಲು ಚಾಚಿತ್ತು. ಮನ್ಯಾಗ "ಹೊಟ್ಟಿ ಝಾಡಿಸ್ತು, ಹೋತು" ಅಂತ ಹೇಳಿದೆ. ಎಲ್ಲಾರೂ ನಂಬಿದ್ರು, ಅಥವಾ ನಂಬಿದಂಗ ಮಾಡಿದ್ರು. ಆಕಳ ಎರಡು ದಿನ ಒದರಿತು.

ನಾ ಕಡಿದಿಲ್ಲ, ಕಟುಕಗ ಮಾರಿಲ್ಲ. ಮಾರಾಕೂ ಬರೂದಿಲ್ಲ. 2021ರಿಂದ ಜಾರಿಯಾದ ಹೊಸ ಕಾಯ್ದೆ ಪ್ರಕಾರ ನಮ್ಮ ರಾಜ್ಯದಾಗ ಆಕಳ, ಎತ್ತು, ಹೋರಿ, ಕರ ಯಾವುದನ್ನೂ ಕಡಿಯುವಂಗಿಲ್ಲ, 13 ವರ್ಷ ದಾಟಿದ ಎಮ್ಮಿ ಕೋಣಕ್ಕ ಮಾತ್ರ ಅವಕಾಶ. ಕಾಯ್ದೆ ಸರಿನೋ ತಪ್ಪೋ ಆ ಜಗಳ ಇಲ್ಲಿ ಬ್ಯಾಡ. ಆದ್ರ ಹಾಲು ಕಡಿಮಿ ಮಾಡಿ ಹಾಕೂದನ್ನ ನಮ್ಮ ಕೊಟಗಿಗೆ ಬಂದು ನೋಡಾವ್ರು ಯಾರು? ನಾ ಒಬ್ಬನ ಹಿಂಗ ಮಾಡೇನಿ ಅಂತ ನನಗ ಅನ್ನಿಸೂದಿಲ್ಲ. ಕೋಣಗರದ ಗತಿನೂ ನಿಮಗ ಗೊತ್ತೈತಿ.

ನಮ್ಮಪ್ಪನ ಕಾಲಕ್ಕ ಹಿಂಗ ಇರಲಿಲ್ಲ. ಖಿಲಾರಿ ಆಕಳ ಹೋರಿಗರ ಹಾಕಿದ್ರ ಮನಿಗೆ ಗಂಡಮಗ ಹುಟ್ಟಿದಂಗ ಆಗತಿತ್ತು. ಹಾಲು ಕಡಿಮಿ ಇದ್ರೂ ಕರಕ್ಕ ಮೊದಲ ಪಾಲು, ಯಾಕಂದ್ರ ನಾಳೆ ಅದ ನೊಗಕ್ಕ ಹೆಗಲ ಕೊಡೂದು. ಟ್ರ್ಯಾಕ್ಟರ್ ಬಂತು, ಹಾಲಿನ ಜರ್ಸಿ ಬಂತು, ಹೋರಿಗರ ಯಾರಿಗೂ ಬ್ಯಾಡಾತು. ಮಣ್ಣೆತ್ತಿನ ಅಮಾಸಿಗೆ ಮಣ್ಣೆತ್ತು ಪೂಜಿ ಮಾತ್ರ ತಪ್ಪಿಲ್ಲ.

ಆ ರಾತ್ರಿ ಮಗಳ ಮುಂದ ಎಲ್ಲಾ ಹೇಳಿದೆ. ಬೈತಾಳ ಅಂದುಕೊಂಡಿದ್ದೆ. ಆಕಿ, "ಅಪ್ಪಾ, ನಂಗ ಆವಾಗ ಗೊತ್ತಿತ್ತು" ಅಂದ್ಳು, ಅಷ್ಟ. ಮರುದಿನ 'ತಬ್ಬಲಿಯು ನೀನಾದೆ ಮಗನೆ' ಹಚ್ಚಿದ್ಲು. ಭೈರಪ್ಪನವರ ಕಾದಂಬರಿ ಮ್ಯಾಲ ಗಿರೀಶ ಕಾರ್ನಾಡ, ಬಿ.ವಿ. ಕಾರಂತ ಕೂಡಿ 1977ರಾಗ ಮಾಡಿದ್ದು. ಅಮೆರಿಕಾದಾಗ ಒಕ್ಕಲುತನ ಕಲಿತು ಬಂದ ಕಾಳಿಂಗ ಆಕಳಂದ್ರ ಬರೇ ಲಾಭದ ಲೆಕ್ಕ ಅಂತಾನ. ನಮ್ಮವ್ವ ಪೂರ್ತಿ ನೋಡಿ ನನ್ನ ಕಡೆ ತಿರುಗಿ, "ನೀ ಅಮೆರಿಕಾಕ್ಕ ಹೋಗದನ ಕಾಳಿಂಗ ಆಗಿಯಲ್ಲೋ" ಅಂದ್ಳು. ಉತ್ತರ ಕೊಡಾಕ ಬರಲಿಲ್ಲ.

ಈ ಜನವರಿಯೊಳಗ ಆಕಳ ಮತ್ತ ಈದೈತಿ. ಮತ್ತ ಹೋರಿಗರ. ಈ ಸಲ ಲೆಕ್ಕ ಬರದು ಇಟ್ಟೇನಿ. ದಿನಾ 3 ಲೀಟರ್ ಹಂಗ 60 ದಿನ ಕುಡಿಸಿದ್ರ 180 ಲೀಟರ್. ಲೀಟರಿಗೆ ₹35 ಹಿಡಿದ್ರ ₹6,300. ಇಷ್ಟು ರೊಕ್ಕಕ್ಕ ಒಂದು ಜೀವ ಹೋಗಿತ್ತು ಅಂತ ಬರದು ನೋಡಿದಾಗ ತಿಳೀತು. ಎರಡನೇ ವಾರದಿಂದ ಎಳೀ ಹುಲ್ಲು, ಸ್ವಲ್ಪ ಹಿಂಡಿ ಬಾಯಿಗೆ ಹಚ್ಚೇವಿ, ಈಗ ತಾನ ಮೇಯತೈತಿ. ಮುಂದ ಸಣ್ಣ ಚಕ್ಕಡಿಗೆ ಹೂಡಬೇಕು, ತಿಪ್ಪಿ ಗೊಬ್ಬರ ಹೊರಾಕ ಸಾಕು ಅಂತ ವಿಚಾರ ಐತಿ. ಜರ್ಸಿ ಹೋರಿ ಬಿಸಲು ತಡೀದಿಲ್ಲ, ಮುಂಜಾನೆ ಸಂಜಿ ಅಷ್ಟ ಕೆಲಸ ಮಾಡಿಸಬೇಕು. ಮುಂದಿನ ಸಲ ಹೆಣ್ಗರ ಹುಟ್ಟಿಸೋ ಬೇರ್ಪಡಿಸಿದ ವೀರ್ಯದ ಕಡ್ಡಿ ಹಾಕಿಸೂದು ಅಂತ ಮಾಡೇನಿ. ಅದರಾಗ ನೂರಕ್ಕ ಸುಮಾರು 90 ಹೆಣ್ಣ ಹುಟ್ತಾವು. ನೀವೂ ದನದ ದವಾಖಾನಿಯೊಳಗ ಕೇಳ್ರಿ.

ನಾ ವೀಗನ್ ಆಗಿಲ್ಲ. ಆಕಳ ಐತಿ, ಡೈರಿಗೆ ಹಾಲು ಹಾಕ್ತೀನಿ, ಮನಿ ಅದರಿಂದ ನಡೀತೈತಿ. ಚಹಾ ಮಾತ್ರ ಕರೀದು ಕುಡೀತೀನಿ. ಮಗಳಿಗೂ ಇದು ಗೊತ್ತೈತಿ, ಆಕಿ ಒತ್ತಾಯ ಮಾಡಿಲ್ಲ. ಆದ್ರ ಹಿಂಡೂಕಿಂತ ಮೊದಲ ಕರ ಬಿಡ್ತೀನಿ, ಅದು ತಾನಾಗಿ ಬಾಯಿ ತಗದಮ್ಯಾಲ ಕ್ಯಾನ್ ಹಿಡೀತೀನಿ. ಡೈರಿಗೆ ಎರಡು ಮೂರು ಲೀಟರ್ ಕಡಿಮಿ ಹೋಗತೈತಿ, ಬರಕೊಳ್ಳಾವ "ಯಾಕ್ರಿ ಗೌಡ್ರ, ಆಕಳ ಬತ್ತಾಕತ್ತೈತೇನು" ಅಂತ ಕೇಳ್ತಾನ. "ಮನ್ಯಾಗ ಕುಡಿಯೂ ಹುಡುಗ ಅದಾನೋ" ಅಂತೀನಿ.

ನಿಮ್ಮ ಕಡೆ ಜರ್ಸಿ ಹೋರಿ ಪಳಗಿಸಿ ಹೂಡಿದವರು ಯಾರರ ಇದ್ರ ತಿಳಸ್ರಿ. ನೊಗ ಯಾವ ವಯಸ್ಸಿಗೆ ಇಡಬೇಕು, ಲಾಳ ಯಾವಾಗ ಬಡಿಸಬೇಕು ಅನ್ನೂದು ನನಗ ಕಲಿಯೂದೈತಿ.